ಡಿಸ್ಚಾರ್ಜ್ ಆಯ್ತು, ಮಾತ್ರೆಗಳ ಕೆ.ಟಿ. ಆಯ್ತಾ?

ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಉದ್ದದ ದಿನ ಯಾವುದು ಅಂತ ಕೇಳಿದರೆ ಆಪರೇಷನ್ ದಿನ ಅನ್ನುವವರೇ ಜಾಸ್ತಿ. ಆದರೆ ಮನೆಯವರನ್ನು ಅಡ್ಮಿಟ್ ಮಾಡಿ ಓಡಾಡಿದವರನ್ನು ಕೇಳಿ ನೋಡಿ, ಅವರು ಡಿಸ್ಚಾರ್ಜ್ ದಿನ ಅಂತಾರೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಅಂದಿರುತ್ತಾರೆ. ಅಲ್ಲಿಂದ ಶುರು. ಸಮ್ಮರಿ ಟೈಪ್ ಆಗಬೇಕು, ಫೈನಲ್ ಬಿಲ್ ಆಗಬೇಕು, ಇನ್ಶೂರೆನ್ಸ್‌ನವರ ಅಪ್ರೂವಲ್ ಬರಬೇಕು. ಸಂಜೆ ಆರೋ ಏಳೋ ಗಂಟೆಗೆ ಎಲ್ಲ ಮುಗಿದು ವೀಲ್‌ಚೇರ್ ಲಿಫ್ಟ್ ಹತ್ತಿರ ಬಂದಾಗ, ಯಾರೋ ಒಬ್ಬರು ಒಂದು ಕವರ್ ತುಂಬಾ ಮಾತ್ರೆ ಕೈಗಿಟ್ಟು, "ಇದು ಬೆಳಿಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ, ಹತ್ತು ದಿನ ಬಿಟ್ಟು ಬನ್ನಿ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾವು ತಲೆ ಆಡಿಸುತ್ತೇವೆ. ನಿಂತಿರುವುದು ಲಿಫ್ಟ್ ಮುಂದೆ, ಮನಸ್ಸು ಆಗಲೇ ಪಾರ್ಕಿಂಗ್‌ಗೆ ಹೋಗಿರುತ್ತದೆ.

ಐಟಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಕೆ.ಟಿ. ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಪ್ರಾಜೆಕ್ಟ್ ಬಿಟ್ಟು ಹೋಗುವಾಗ, ಆ ಜಾಗಕ್ಕೆ ಬರುವವರ ಜೊತೆ ದಿನಗಟ್ಟಲೆ ಕೂತು ಎಲ್ಲವನ್ನೂ ತಿಳಿಸಿಕೊಡಬೇಕು. ಯಾವುದು ಎಲ್ಲಿದೆ, ಯಾವುದನ್ನು ಮುಟ್ಟಬಾರದು, ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ. ಒಂದು ಆ್ಯಪ್‌ಗೆ ಇಷ್ಟೆಲ್ಲ ಉಪಚಾರ. ಆದರೆ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಸಿಸ್ಟರ್‌ಗಳು ಚಾರ್ಟ್ ನೋಡಿಕೊಂಡು, ಗಂಟೆಗೆ ಸರಿಯಾಗಿ ಕೊಡುತ್ತಿದ್ದ ಎಂಟೊಂಬತ್ತು ಔಷಧಿಗಳ ಜವಾಬ್ದಾರಿಯನ್ನು ಅಮ್ಮನಿಗೋ ಅಪ್ಪನಿಗೋ ದಾಟಿಸುವ ಕೆಲಸ ಲಿಫ್ಟ್ ಮುಂದೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಈ ಕೆ.ಟಿ. ಕೊಡುವುದಕ್ಕೆಂದೇ ಓದಿದ ಒಬ್ಬರು ಇದ್ದಾರೆ. ಅವರೇ ಫಾರ್ಮಸಿಸ್ಟ್. ನಮ್ಮ ಕಣ್ಣಿಗೆ ಅವರು ಚೀಟಿ ತಗೊಂಡು, ಮಾತ್ರೆ ತೆಗೆದು, ಬಿಲ್ ಹಾಕಿ ಕೊಡುವವರು ಅಷ್ಟೇ. ಹಾಗಾಗಿ ನಾವು ಅವರನ್ನು ಕೇಳುವ ಪ್ರಶ್ನೆಯೂ ಎರಡೇ: "ಎಷ್ಟಾಯ್ತು? ಫೋನ್‌ಪೇ ಇದೆಯಾ?" ಈ ವಾರ ಅವರನ್ನು ಇನ್ನೇನು ಕೇಳಬಹುದಿತ್ತು, ಕೇಳಬೇಕಿತ್ತು ಅನ್ನುವುದರ ಬಗ್ಗೆ ಮಾತಾಡೋಣ.

ಎರಡು ಪಟ್ಟಿ, ಒಂದು ಹೊಟ್ಟೆ

ಆಸ್ಪತ್ರೆಯಿಂದ ಮನೆಗೆ ಬಂದವರ ಔಷಧಿಯಲ್ಲಿ ಎಡವಟ್ಟಾಗುವುದು ಹೇಗೆ? ಡಾಕ್ಟರು ತಪ್ಪು ಬರೆದರು, ರೋಗಿ ಮರೆತರು ಅಂತ ನಾವು ಅಂದುಕೊಳ್ಳುತ್ತೇವೆ. ಅದೂ ಉಂಟು. ಆದರೆ ಯಾರೂ ಮರೆಯದೆ, ಎಲ್ಲರೂ ಹೇಳಿದ್ದನ್ನೇ ಮಾಡಿಯೂ ಎಡವಟ್ಟಾಗಬಹುದು. ಯಾಕೆಂದರೆ ರೋಗಿಯ ಹತ್ತಿರ ಎರಡು ಪಟ್ಟಿ ಇರುತ್ತವೆ. ಒಂದು, ಆಸ್ಪತ್ರೆಗೆ ಹೋಗುವುದಕ್ಕೆ ಮುಂಚೆ ವರ್ಷಗಟ್ಟಲೆ ನುಂಗುತ್ತಿದ್ದ ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವಿನ ಮಾತ್ರೆಗಳು. ಇನ್ನೊಂದು, ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟದಲ್ಲಿರುವ ಹೊಸ ಮಾತ್ರೆಗಳು. ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಯಾವುದು ಬೇರೆ ಹೆಸರಿನಲ್ಲಿ ಎರಡು ಸಲ ಬಂದಿದೆ ಅಂತ ಯಾರಾದರೂ ನೋಡದಿದ್ದರೆ ಎರಡೂ ಒಂದೇ ಹೊಟ್ಟೆಗೆ ಹೋಗುತ್ತವೆ.

ನಮ್ಮ ದೇಶದಲ್ಲಿ ಇದು ಇನ್ನೂ ಸುಲಭ. ಒಂದೇ ಔಷಧಿಯನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಸಾಲದ್ದಕ್ಕೆ ಎರಡು ಮೂರು ಔಷಧಿ ಸೇರಿಸಿ ಮಾಡಿದ ಕಾಂಬಿನೇಷನ್ ಮಾತ್ರೆಗಳು ಬೇರೆ. ಬೆಂಗಳೂರಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ಸಿಗುವ ಬ್ರ್ಯಾಂಡ್ ನಮ್ಮೂರಿನ ಮೆಡಿಕಲ್ಸ್‌ನಲ್ಲಿ ಸಿಗಲ್ಲ. ಬಿಳಿ ಮಾತ್ರೆ ಇದ್ದದ್ದು ಗುಲಾಬಿ ಆಗುತ್ತದೆ, ದುಂಡಗಿದ್ದದ್ದು ಉದ್ದ ಆಗುತ್ತದೆ. ಬಣ್ಣ, ಆಕಾರ ನೋಡಿ ಮಾತ್ರೆ ಗುರುತು ಹಿಡಿಯುವ ಅಜ್ಜಿಗೆ ಅದು ಹೊಸ ಮಾತ್ರೆ. ಹಳೆಯದು ಡಬ್ಬಿಯಲ್ಲಿ ಹಾಗೇ ಇದೆ, ದುಡ್ಡು ಕೊಟ್ಟು ತಂದದ್ದು ಬೇರೆ. ಎರಡೂ ತಗೋತಾರೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಗಳಿಂದಲೇ ಆಗುವ ಹಾನಿಯನ್ನು ತಡೆಯೋಣ ಅಂತ ಒಂದು ಜಾಗತಿಕ ಅಭಿಯಾನ ಶುರು ಮಾಡಿತು. ಐದು ವರ್ಷದಲ್ಲಿ ಇಂಥ ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಅರ್ಧಕ್ಕೆ ಇಳಿಸಬೇಕು ಅನ್ನೋದು ಗುರಿ. ಮೊದಲು ಗಮನ ಕೊಡಬೇಕಾದ ಮೂರು ಜಾಗಗಳನ್ನು ಅದು ಗುರುತಿಸಿತು: ಅಪಾಯ ಹೆಚ್ಚಿರುವ ಔಷಧಿ ಮತ್ತು ಸಂದರ್ಭಗಳು, ಒಬ್ಬರೇ ತುಂಬಾ ಔಷಧಿ ತಗೊಳ್ಳುವುದು, ಮತ್ತು ರೋಗಿ ಒಂದು ಕಡೆಯ ಆರೈಕೆಯಿಂದ ಇನ್ನೊಂದು ಕಡೆಗೆ ದಾಟುವ ಹೊತ್ತು. ವಯಸ್ಸಾದವರೊಬ್ಬರು ಹಾರ್ಟ್ ಆಪರೇಷನ್ ಮುಗಿಸಿ ಮನೆಗೆ ಬಂದರೆ ಈ ಮೂರೂ ಒಂದೇ ದಿನ, ಒಂದೇ ಕಾರಿನಲ್ಲಿ ಕೂತು ಮನೆಗೆ ಬಂದ ಹಾಗೆ.

"ಹಳೇ ಔಷಧಿ ಮುಂದುವರಿಸಿ"

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಅವರು ಅರಸೀಕೆರೆ ಕಡೆಯವರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಚಿಕಿತ್ಸೆಯ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ, ಜೀವ ಉಳಿಸಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯೂ ಚೆನ್ನಾಗೇ ಇತ್ತು, ಆರು ಪುಟ. ಆದರೆ ಕೊನೆಯಲ್ಲಿ, ಹೊಸ ಮಾತ್ರೆಗಳ ಪಟ್ಟಿಯ ಕೆಳಗೆ, ಇಂಗ್ಲಿಷಿನಲ್ಲಿ ಒಂದು ಸಾಲು: ಹಳೇ ಔಷಧಿ ಮುಂದುವರಿಸಿ.

ಯಾವ ಹಳೇ ಔಷಧಿ? ಅದು ಎಲ್ಲೂ ಇಲ್ಲ.

ಊರಿಗೆ ಹೋದ ಮೇಲೆ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮುಂದಿನ ತಿಂಗಳ ಮಾತ್ರೆಗೆ ಹೇಳಿಡೋಣ ಅಂತ ಪೇಟೆಯ ಮೆಡಿಕಲ್ಸ್‌ಗೆ ಹೋದ. ಅಲ್ಲಿರುವವರು ಒಬ್ಬ ಫಾರ್ಮಸಿಸ್ಟ್ ಮೇಡಂ. ಸಮ್ಮರಿಯ ಕೊನೆಯ ಪುಟ ನೋಡಿದವರೇ, "ಅಣ್ಣಾ, ನಿಮ್ಮಪ್ಪಾಜಿ ಮೊದಲಿಂದ ತಗೋತಿದ್ದ ಮಾತ್ರೆ ಇದಾವಲ್ಲ, ಅವನ್ನೂ ತಗೊಂಡ್ಬನ್ನಿ. ಎಲ್ಲಾನೂ. ಡಬ್ಬಿ ಸಮೇತ" ಅಂದರು. ಅಣ್ಣನಿಗೆ ಸ್ವಲ್ಪ ಸಿಟ್ಟೇ ಬಂತಂತೆ, ಮತ್ತೆ ಮನೆಗೆ ಹೋಗಿ ಬರಬೇಕಲ್ಲ ಅಂತ. ಆದರೂ ತಂದ.

ಮೇಡಂ ಎಲ್ಲ ಸ್ಟ್ರಿಪ್‌ಗಳನ್ನೂ ಕೌಂಟರ್ ಮೇಲೆ ಎರಡು ಸಾಲಾಗಿ ಹರಡಿದರು. ಒಂದು ಸಾಲು ಹೊಸದು, ಒಂದು ಸಾಲು ಹಳೆಯದು. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೊಸ ಕ್ಯಾಪ್ಸೂಲ್‌ನಲ್ಲಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಇದ್ದವು. ಹಳೇ ಡಬ್ಬಿಯಲ್ಲಿ ಆಸ್ಪಿರಿನ್ ಬೇರೆಯಾಗಿ ಇತ್ತು. ಬಿಪಿಗೆ ಕೊಟ್ಟ ಹೊಸ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಇನ್ನೊಂದು ಔಷಧಿಯ ಜೊತೆ ಸೇರಿಕೊಂಡಿತ್ತು. ಹಳೇ ಡಬ್ಬಿಯಲ್ಲಿ ಅದೇ ಟೆಲ್ಮಿಸಾರ್ಟನ್ ಬೇರೆ ಹೆಸರಿನಲ್ಲಿ ಕೂತಿತ್ತು. ಮೂರನೆಯದು ಮಂಡಿನೋವಿಗೆ ಆಗಾಗ ತಗೊಳ್ಳುತ್ತಿದ್ದ ಡೈಕ್ಲೋಫೆನಾಕ್. ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಭಯ ಇರುವುದರಿಂದ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಗಳ ಜೊತೆ ಇದನ್ನು ಸುಮ್ಮನೆ ನುಂಗುವ ಹಾಗಿಲ್ಲ. ಸ್ಟೆಂಟ್ ಹಾಕಿದ ಹೃದಯಕ್ಕೂ ಅದು ಒಳ್ಳೆಯದಲ್ಲ. ಇನ್ನು ಶುಗರ್‌ಗೆ ತಗೊಳ್ಳುತ್ತಿದ್ದ ಮೆಟ್‌ಫಾರ್ಮಿನ್ ಹೊಸ ಪಟ್ಟಿಯಲ್ಲೇ ಇರಲಿಲ್ಲ. ನಿಲ್ಲಿಸಿದ್ದಾರೋ, ಬರೆಯುವುದು ಬಿಟ್ಟುಹೋಗಿದೆಯೋ ಗೊತ್ತಿಲ್ಲ.

ದೊಡ್ಡಪ್ಪ ಆಗಲೇ ಮೂರು ದಿನದಿಂದ ಎರಡೂ ಸಾಲು ನುಂಗುತ್ತಿದ್ದರು. ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತೆ ಅಂತಿದ್ದರು. ಆಸ್ಪತ್ರೆಯಲ್ಲಿ ಮಲಗಿ ಬಂದ ಸುಸ್ತು ಅಂತ ಎಲ್ಲರೂ ಅಂದುಕೊಂಡಿದ್ದರು.

ಮೇಡಂ ತಾವಾಗಿ ಒಂದೂ ಮಾತ್ರೆ ನಿಲ್ಲಿಸಲಿಲ್ಲ, ಬದಲಾಯಿಸಲೂ ಇಲ್ಲ. ಸಮ್ಮರಿಯಲ್ಲಿದ್ದ ನಂಬರಿಗೆ ಅಣ್ಣನಿಂದಲೇ ಫೋನ್ ಮಾಡಿಸಿ, ಲೈನಿಗೆ ಬಂದ ಡಾಕ್ಟರ ಹತ್ತಿರ ಒಂದೊಂದೇ ಹೆಸರು ಹೇಳಿ ಕೇಳಿದರು. ಹಳೇ ಆಸ್ಪಿರಿನ್, ಹಳೇ ಟೆಲ್ಮಿಸಾರ್ಟನ್ ನಿಲ್ಲಿಸಿ. ನೋವಿನ ಮಾತ್ರೆ ಬೇಡ. ಮೆಟ್‌ಫಾರ್ಮಿನ್ ಮುಂದುವರಿಸಿ. ಅಷ್ಟೇ. ಹತ್ತು ನಿಮಿಷದ ಕೆಲಸ. ನಿಲ್ಲಿಸಬೇಕಾದ್ದನ್ನು ಒಂದು ಬೇರೆ ಕವರಿಗೆ ಹಾಕಿ ಪಿನ್ ಹೊಡೆದರು. ಉಳಿದ ಸ್ಟ್ರಿಪ್‌ಗಳ ಹಿಂದೆ ಮಾರ್ಕರ್‌ನಲ್ಲಿ ಕನ್ನಡದಲ್ಲಿ "ಬೆಳಿಗ್ಗೆ ತಿಂಡಿ ಆದ ಮೇಲೆ", "ರಾತ್ರಿ" ಅಂತ ಬರೆದುಕೊಟ್ಟರು. "ಆರು ವರ್ಷದಿಂದ ತಿಂತಿದ್ದೀನಿ, ಈಗ ಯಾಕ್ ನಿಲ್ಲಿಸ್ಬೇಕು?" ಅಂತ ದೊಡ್ಡಪ್ಪ ಮನೆಯಲ್ಲಿ ಗಲಾಟೆ ಮಾಡಿದಾಗ ಮೇಡಂ ಫೋನಿನಲ್ಲಿ ಅವರಿಗೂ ಹೇಳಿದರು: "ನಿಲ್ಸಿಲ್ಲ ಅಪ್ಪಾಜಿ, ಅದು ಹೊಸ ಗುಳಿಗೆ ಒಳಗೇ ಇದೆ."

ಈ ಕೊನೇ ಮಾತು ನನಗೆ ತುಂಬಾ ಹಿಡಿಸಿತು. ಒಬ್ಬ ಮನುಷ್ಯನ ಆರು ವರ್ಷದ ಅಭ್ಯಾಸ ಬಿಡಿಸೋಕೆ ಕಾರಣ ಬೇಕು, ಆ ಕಾರಣ ಅವರಿಗೆ ಅರ್ಥ ಆಗೋ ಭಾಷೆಯಲ್ಲಿ ಬೇಕು. ಬಿಲ್ ಹಾಕಿ ಕೊಡುವುದಕ್ಕೂ ಫಾರ್ಮಸಿಸ್ಟ್ ಕೆಲಸಕ್ಕೂ ಇರುವ ವ್ಯತ್ಯಾಸ ಇದೇ.

ಓ.ಡಿ., ಬಿ.ಡಿ. ಅಂದರೆ ಓಡಿ, ಬಿಡಿ ಅಲ್ಲ

ಇನ್ನು ಚೀಟಿಯ ಭಾಷೆ. 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ನಮಗೆಲ್ಲ ಗೊತ್ತು. ಆದರೆ ಸಮ್ಮರಿಯಲ್ಲಿ ಎಷ್ಟೋ ಸಲ ಅಕ್ಷರಗಳಲ್ಲಿ ಬರೆದಿರುತ್ತಾರೆ. ಓ.ಡಿ. ಅಂದರೆ ದಿನಕ್ಕೆ ಒಂದು ಸಲ. ಬಿ.ಡಿ. ಅಂದರೆ ಎರಡು ಸಲ. ಟಿ.ಡಿ.ಎಸ್. ಅಂದರೆ ಮೂರು ಸಲ, ಸಂಬಳದಲ್ಲಿ ಹಿಡಿಯುವ ಟ್ಯಾಕ್ಸ್ ಅಲ್ಲ. ಎಚ್.ಎಸ್. ಅಂದರೆ ಮಲಗುವಾಗ. ಎ.ಸಿ. ಅಂದರೆ ಊಟಕ್ಕೆ ಮುಂಚೆ, ಪಿ.ಸಿ. ಅಂದರೆ ಊಟದ ನಂತರ. ಎಸ್.ಒ.ಎಸ್. ಅಂದರೆ ಬೇಕಾದಾಗ ಮಾತ್ರ. ಇದು ಗೊತ್ತಿಲ್ಲದೆ ಎಸ್.ಒ.ಎಸ್. ಮಾತ್ರೆಯನ್ನು ದಿನಾ ತಗೊಳ್ಳುವವರಿದ್ದಾರೆ.

ದಿನಾ ಅಲ್ಲ, ವಾರಕ್ಕೆ ಒಂದೇ ಸಲ ತಗೊಳ್ಳಬೇಕಾದ ಮಾತ್ರೆಗಳೂ ಇವೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದ್ದು. ಅದನ್ನು ತಿಳಿಯದೆ ದಿನಾ ತಗೊಂಡರೆ ಜೀವಕ್ಕೇ ಅಪಾಯ. "ವಾರಕ್ಕೆ ಒಂದು, ಸೋಮವಾರ ಮಾತ್ರ" ಅಂತ ದಿನದ ಹೆಸರು ಹೇಳಿ ಬರೆಸಿಕೊಳ್ಳುವುದು ಸಣ್ಣ ಕೆಲಸ. ಆದರೆ ಅದನ್ನು ಯಾರಾದರೂ ನೆನಪಿಟ್ಟು ಮಾಡಬೇಕು.

ಇನ್ಸುಲಿನ್ ಕತೆ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ ಬರುವುದು ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯೂನಿಟ್. ಆಸ್ಪತ್ರೆಯಲ್ಲಿ ಪೆನ್ ಕೊಟ್ಟು ಕಳಿಸಿರುತ್ತಾರೆ. ಮನೆಯಲ್ಲಿ ಸೂಜಿ ಮುಗಿಯಿತು ಅಂತ ಅದರ ಇನ್ಸುಲಿನ್ ಅನ್ನು ಹಳೇ ಕೆಂಪು ಮುಚ್ಚಳದ ಸಿರಿಂಜ್‌ಗೆ ಎಳೆದು 10ರ ಗೆರೆವರೆಗೆ ತುಂಬಿದರೆ, ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್. ಶುಗರ್ ದಿಢೀರ್ ಅಂತ ಇಳಿಯುತ್ತದೆ. ಇನ್ನು ಇಡುವ ಜಾಗ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ ಇರಬೇಕು, ಆದರೆ ಫ್ರೀಜರ್‌ನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು.

ಮೂಗಿನಲ್ಲಿ ಟ್ಯೂಬ್ ಹಾಕಿಸಿಕೊಂಡು ಮನೆಗೆ ಬಂದವರಿಗೆ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಹಾಕುತ್ತಾರೆ. ಆದರೆ ಎಲ್ಲ ಮಾತ್ರೆಯನ್ನೂ ಕುಟ್ಟುವ ಹಾಗಿಲ್ಲ. ನಿಧಾನವಾಗಿ ಬಿಡುಗಡೆ ಆಗಲಿ ಅಂತ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಮೈಯಲ್ಲಿ ನೀರು ತುಂಬಿದವರಿಗೆ ಕೊಡುವ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯ ಎರಡನೇ ಡೋಸ್ ರಾತ್ರಿ ಬದಲು ಸಂಜೆ ನಾಲ್ಕಕ್ಕೆ ಅಂತ ಬರೆದಿದ್ದರೆ ಅದಕ್ಕೂ ಕಾರಣ ಇದೆ. ರಾತ್ರಿ ತಗೊಂಡರೆ ಅಜ್ಜ ಮೂರು ಸಲ ಎದ್ದು ಬಾತ್‌ರೂಮಿಗೆ ಹೋಗಬೇಕು, ಕತ್ತಲಲ್ಲಿ ಜಾರಿ ಬೀಳಬಹುದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆ ಅದಾಗಿ ನಾಲ್ಕು ಗಂಟೆ ಬಿಟ್ಟು. ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ಕಾಫಿ ಜೊತೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಸ್ಟಿರಾಯ್ಡ್ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ಅಂದಿದ್ದರೆ, ಹುಷಾರಾಯ್ತು ಅಂತ ಒಂದೇ ದಿನ ನಿಲ್ಲಿಸುವಂತಿಲ್ಲ.

ಇವೆಲ್ಲ ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗುವ ವಿಷಯಗಳು. ಆದರೆ ಯಾರೂ ಹೇಳದಿದ್ದರೆ ಪಿಎಚ್‌.ಡಿ. ಮಾಡಿದವರಿಗೂ ಗೊತ್ತಾಗಲ್ಲ.

ಕಾನೂನು ಏನನ್ನುತ್ತೆ?

ಫಾರ್ಮಸಿಸ್ಟ್ ಹೀಗೆ ಕೂತು ಮಾತಾಡುವುದು ಉಪಕಾರ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ, ಅದು ಅವರ ಕೆಲಸ. 1948ರ ಫಾರ್ಮಸಿ ಕಾಯ್ದೆ ಪ್ರಕಾರ, ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಇನ್ನೂ ಮುಂದೆ ಹೋಗಿ, ಫಾರ್ಮಸಿಸ್ಟ್ ತಾವೇ ರೋಗಿಯ ಜೊತೆ ಮಾತು ಶುರು ಮಾಡಬೇಕು ಅನ್ನುತ್ತದೆ. ಔಷಧಿ ಯಾವುದು, ಹೇಗೆ ತಗೊಳ್ಳಬೇಕು, ಯಾವ ಅಡ್ಡ ಪರಿಣಾಮ ಬರಬಹುದು, ಎಲ್ಲಿ ಇಡಬೇಕು, ಒಂದು ಡೋಸ್ ತಪ್ಪಿದರೆ ಏನು ಮಾಡಬೇಕು, ಇದೆಲ್ಲ ಆ ಮಾತಿನಲ್ಲಿ ಬರಬೇಕು.

ಅವರ ಅಧಿಕಾರಕ್ಕೆ ಮಿತಿಯೂ ಇದೆ. ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳಲ್ಲಿ, ಚೀಟಿಯಲ್ಲಿ ಬರೆದದ್ದರ ಬದಲು ಬೇರೆಯದನ್ನು ಅವರು ತಾವಾಗಿ ಕೊಡುವ ಹಾಗಿಲ್ಲ. ಹಾಗಾಗಿ "ಅದಿಲ್ಲ, ಇದೂ ಅದೇ, ತಗೊಳ್ಳಿ" ಅಂತ ಕೊಟ್ಟರೆ ಸುಮ್ಮನೆ ಬರಬೇಡಿ, ಡಾಕ್ಟರಿಗೆ ಒಂದು ಮಾತು ಕೇಳಿ. ಒಂದು ಸಮಾಧಾನ ಇದೆ. 2018ರಿಂದ, ಒಂದೇ ಔಷಧಿ ಇರುವ ಮಾತ್ರೆಗಳ ಸ್ಟ್ರಿಪ್ ಮೇಲೆ ಮೂಲ ಔಷಧಿಯ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅನ್ನುವ ನಿಯಮ ಇದೆ. ಬ್ರ್ಯಾಂಡ್ ಬಿಟ್ಟು ಆ ಹೆಸರನ್ನು ಓದುವ ಅಭ್ಯಾಸ ಮಾಡಿಕೊಂಡರೆ ದೊಡ್ಡಪ್ಪನ ಟೆಲ್ಮಿಸಾರ್ಟನ್ ಎರಡು ಸಲ ಬಂದದ್ದು ನಮಗೂ ಕಾಣುತ್ತದೆ.

ಓದಿದವರಿಗೂ ಕೊರತೆ ಇಲ್ಲ. ಡಿ.ಫಾರ್ಮ್, ಬಿ.ಫಾರ್ಮ್ ಬಿಟ್ಟರೆ, ಆಸ್ಪತ್ರೆಯ ವಾರ್ಡಿನಲ್ಲೇ ಕೆಲಸ ಮಾಡುವುದಕ್ಕೆ ತಯಾರು ಮಾಡುವ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ನಮ್ಮ ದೇಶದಲ್ಲಿ 2008ರಲ್ಲೇ ಶುರುವಾಗಿದೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿ ವಿಭಾಗ 1990ರ ದಶಕದಿಂದಲೂ ಇದೆ. ಡಾಕ್ಟರ ಜೊತೆ ರೌಂಡ್ಸ್‌ಗೆ ಹೋಗಿ, ಚಾರ್ಟ್ ನೋಡಿ, ರೋಗಿಗೆ ಔಷಧಿ ವಿವರಿಸುವ ಫಾರ್ಮಸಿಸ್ಟ್ ಅನ್ನೋದು ಕರ್ನಾಟಕಕ್ಕೆ ಹೊಸದೇನೂ ಅಲ್ಲ.

ಹಾಗಾದರೆ ನಮಗ್ಯಾಕೆ ಕಾಣಿಸಲ್ಲ? ದೊಡ್ಡ ಕಾರಣ ದುಡ್ಡು. ಬಿಲ್ಲಿನಲ್ಲಿ ಬೆಡ್‌ಗೆ ಸಾಲಿದೆ, ಗ್ಲೌಸ್‌ಗೆ ಸಾಲಿದೆ. "ಔಷಧಿ ವಿವರಿಸಿದ್ದಕ್ಕೆ" ಅಂತ ಒಂದು ಸಾಲು ನಾನಂತೂ ನೋಡಿಲ್ಲ. ಮೆಡಿಕಲ್ಸ್‌ಗೂ ಅಷ್ಟೇ, ಮಾತ್ರೆ ಮಾರಿದರೆ ಲಾಭ, ಒಂದು ಮಾತ್ರೆ ಬೇಡ ಅಂತ ಹೇಳಿದರೆ ನಷ್ಟ. ಎಷ್ಟೋ ಅಂಗಡಿಗಳಲ್ಲಿ ಗೋಡೆ ಮೇಲೆ ಸರ್ಟಿಫಿಕೇಟ್ ಒಬ್ಬರದ್ದು, ಕೌಂಟರ್ ಹಿಂದೆ ನಿಂತವರು ಇನ್ನೊಬ್ಬರು. ಸರ್ಕಾರಿ ಆಸ್ಪತ್ರೆಯ ಕಿಟಕಿ ಹಿಂದೆ ನಿಜವಾದ ಫಾರ್ಮಸಿಸ್ಟ್ ಇರುತ್ತಾರೆ, ಆದರೆ ಮುಂದೆ ಮಾರುದ್ದ ಕ್ಯೂ ಇರುತ್ತದೆ.

ಇದಕ್ಕೆ ನಾವೂ ಒಂದು ಅಂಕ ಸೇರಿಸಿದ್ದೇವೆ. ಬೆಂಗಳೂರಿನಲ್ಲಿ ಕೂತು ಊರಿನ ಅಪ್ಪ ಅಮ್ಮನಿಗೆ ಆ್ಯಪ್‌ನಲ್ಲಿ ಮಾತ್ರೆ ಕಳಿಸುವ ನಮ್ಮ ತಲೆಮಾರು. ರಿಯಾಯಿತಿ ಸಿಗುತ್ತೆ, ಮನೆ ಬಾಗಿಲಿಗೆ ಬರುತ್ತೆ, ಒಳ್ಳೆಯದೇ. ಆದರೆ "ಹಳೇ ಡಬ್ಬಿ ತಗೊಂಡ್ಬನ್ನಿ" ಅಂತ ಆ ಡೆಲಿವರಿ ಹುಡುಗ ಹೇಳಲ್ಲ, ಹೇಳುವುದು ಅವನ ಕೆಲಸವೂ ಅಲ್ಲ. ಆರು ತಿಂಗಳ ಹಿಂದಿನ ಆರ್ಡರನ್ನು ಒಂದು ಬಟನ್ ಒತ್ತಿ ಮತ್ತೆ ತರಿಸಿದಾಗ, ಮಧ್ಯೆ ಆಸ್ಪತ್ರೆಯಲ್ಲಿ ನಿಲ್ಲಿಸಿದ ಮಾತ್ರೆಯೂ ವಾಪಸ್ ಬರಬಹುದು.

ಇಂಗ್ಲೆಂಡಿನಲ್ಲಿ ಒಂದು ದಾರಿ

ಇಂಗ್ಲೆಂಡಿನಲ್ಲಿ ಫೆಬ್ರವರಿ 2021ರಿಂದ ಒಂದು ವ್ಯವಸ್ಥೆ ಇದೆ. ಔಷಧಿ ಬದಲಾದ ರೋಗಿಗಳನ್ನು ಡಿಸ್ಚಾರ್ಜ್ ಮಾಡುವಾಗ, ಆಸ್ಪತ್ರೆಯವರು ಹೊಸ ಪಟ್ಟಿಯನ್ನು ರೋಗಿಯ ಮನೆ ಹತ್ತಿರದ ಮೆಡಿಕಲ್ ಶಾಪಿಗೇ ಆನ್‌ಲೈನಿನಲ್ಲಿ ಕಳಿಸಬಹುದು. ಅಲ್ಲಿಯ ಫಾರ್ಮಸಿಸ್ಟ್ ಹಳೆಯದರ ಜೊತೆ ಅದನ್ನು ಹೋಲಿಸಿ ನೋಡುತ್ತಾರೆ. ಮನೆಗೆ ಬಂದ ಮೇಲೆ ಮೊದಲ ಚೀಟಿ ಬಂದಾಗ ಮತ್ತೆ ತಾಳೆ ಹಾಕುತ್ತಾರೆ. ಆಮೇಲೆ ರೋಗಿಯ ಜೊತೆ, ಅಥವಾ ನೋಡಿಕೊಳ್ಳುವವರ ಜೊತೆ, ಕೂತು ಮಾತಾಡುತ್ತಾರೆ. ಇದಕ್ಕೆ ಮೆಡಿಕಲ್ ಶಾಪಿಗೆ ಸರ್ಕಾರದ ಆರೋಗ್ಯ ವ್ಯವಸ್ಥೆಯೇ ಹಣ ಕೊಡುತ್ತದೆ. ಅರಸೀಕೆರೆಯ ಮೇಡಂ ತಮ್ಮ ಪಾಡಿಗೆ, ಪುಕ್ಕಟೆಯಾಗಿ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ.

ನಮ್ಮಲ್ಲಿ ಇದು ಬರುವುದಕ್ಕೆ ಎಷ್ಟು ವರ್ಷ ಬೇಕೋ. ಆದರೆ ಡಿಸ್ಚಾರ್ಜ್ ದಿನ ಇಡೀ ಅಪ್ರೂವಲ್‌ಗೆ ಅಂತ ನಾವು ಕಾಯುತ್ತೇವಲ್ಲ, ಆ ನಾಲ್ಕೈದು ಗಂಟೆ ಸುಮ್ಮನೆ ಕಳೆದುಹೋಗುತ್ತದೆ. ರೋಗಿ ಎಚ್ಚರವಾಗಿ ಕೂತಿರುತ್ತಾರೆ, ಮನೆಯವರು ಪಕ್ಕದಲ್ಲಿರುತ್ತಾರೆ, ಔಷಧಿ ಪಟ್ಟಿ ಬೆಳಿಗ್ಗೆಯೇ ಸಿದ್ಧವಾಗಿರುತ್ತದೆ. ಲಿಫ್ಟ್ ಮುಂದೆ ಎರಡು ನಿಮಿಷದಲ್ಲಿ ಹೇಳುವುದನ್ನು ಬೆಡ್ ಪಕ್ಕದಲ್ಲಿ ಹದಿನೈದು ನಿಮಿಷ ಹೇಳುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಆಸ್ಪತ್ರೆಗಳು ಆ ಸಮಯವನ್ನು ಬಳಸಿಕೊಳ್ಳಬೇಕು. ಬಳಸಿಕೊಳ್ಳದಿದ್ದರೆ ನಾವು ಕೇಳಬೇಕು.

ನಾವು ಮಾಡಬಹುದಾದದ್ದು

1. ಅಡ್ಮಿಟ್ ಆಗುವ ದಿನವೇ ಮನೆಯಲ್ಲಿರುವ ಎಲ್ಲ ಮಾತ್ರೆ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಚೂರ್ಣ, ನೋವಿನ ಮಾತ್ರೆ, ಕಣ್ಣಿನ ಡ್ರಾಪ್ಸ್ ಕೂಡ. ತುರ್ತಾಗಿ ಓಡಿದ್ದರೆ ಮನೆಯವರಿಂದ ಸ್ಟ್ರಿಪ್‌ಗಳ ಫೋಟೋ ತರಿಸಿಕೊಳ್ಳಿ. ಔಷಧಿಯ ಹೆಸರು ಮತ್ತು ಎಷ್ಟು ಎಂಜಿ ಅನ್ನೋದು ಕಾಣಬೇಕು.

2. ಡಿಸ್ಚಾರ್ಜ್ ದಿನ ಮೂರು ಪಟ್ಟಿ ಕೇಳಿ: ಹೊಸದು ಯಾವುದು, ಹಳೆಯದರಲ್ಲಿ ಮುಂದುವರಿಸಬೇಕಾದ್ದು ಯಾವುದು, ನಿಲ್ಲಿಸಬೇಕಾದ್ದು ಯಾವುದು. "ಹಳೇ ಔಷಧಿ ಮುಂದುವರಿಸಿ" ಅಂತ ಬರೆದಿದ್ದರೆ ಒಂದೊಂದರ ಹೆಸರೂ ಬರೆಸಿಕೊಳ್ಳಿ.

3. "ಇಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರಾ? ಹತ್ತು ನಿಮಿಷ ಬರೋಕೆ ಹೇಳ್ತೀರಾ?" ಅಂತ ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಬಿಲ್ ಆಗುವ ಮುಂಚೆಯೇ ಕೇಳಿ. ಔಷಧಿ ಕೊಡುವ ಜವಾಬ್ದಾರಿ ಮನೆಯಲ್ಲಿ ಯಾರದ್ದೋ ಅವರು ಆಗ ಅಲ್ಲಿರಬೇಕು. ಅದು ಅಮ್ಮ ಆದರೆ ಅಮ್ಮನೇ. ಅವರು ಊರಿನಲ್ಲಿದ್ದರೆ ವಿಡಿಯೋ ಕಾಲ್ ಮಾಡಿ.

4. ಕೇಳಿಸಿಕೊಂಡದ್ದನ್ನು ಅವರ ಮುಂದೆಯೇ ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

5. ಊರಿನಲ್ಲಿ ಒಂದೇ ಮೆಡಿಕಲ್ಸ್ ಇಟ್ಟುಕೊಳ್ಳಿ, ನಿಜವಾದ ಫಾರ್ಮಸಿಸ್ಟ್ ಕೂರುವಂಥದ್ದು. ಸಮ್ಮರಿಯ ಕೊನೇ ಪುಟ ಅವರಿಗೆ ತೋರಿಸಿ. ಬಿಡಿ ಮಾತ್ರೆ ಕತ್ತರಿಸಿ ಕೊಡುವಾಗ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುಂಡನ್ನೇ ಕೇಳಿ ತಗೊಳ್ಳಿ.

6. ಮನೆಗೆ ಬಂದ ಎರಡನೇ ಮೂರನೇ ದಿನ ಒಂದು ಸಲ ಎಲ್ಲ ಮಾತ್ರೆ ಮುಂದಿಟ್ಟುಕೊಂಡು ನೋಡಿ. ತಲೆ ಸುತ್ತು, ಕಪ್ಪು ಮಲ, ಮೈಮೇಲೆ ಗಂದೆ, ವಿಪರೀತ ನಿದ್ದೆ, ಇಂಥದ್ದು ಏನಾದರೂ ಇದ್ದರೆ ಸುಸ್ತು ಅಂತ ಬಿಡಬೇಡಿ, ಡಾಕ್ಟರಿಗೆ ತಕ್ಷಣ ತಿಳಿಸಿ. ಔಷಧಿಯ ಅಡ್ಡ ಪರಿಣಾಮವನ್ನು ದಾಖಲಿಸೋಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ರೋಗಿಗಳೂ, ಮನೆಯವರೂ ಇಲ್ಲಿ ತಿಳಿಸಬಹುದು.

7. ಎಷ್ಟೇ ಅನುಮಾನ ಬಂದರೂ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಕಟ್ಟಬಹುದು.

ಆ್ಯಪ್‌ನಲ್ಲಿ ಮಾತ್ರೆ ತರಿಸುವವರಿಗೆ ಇನ್ನೊಂದು ಮಾತು. ಡಿಸ್ಚಾರ್ಜ್ ಆದ ಮೇಲಿನ ಮೊದಲ ತಿಂಗಳಾದರೂ ಆ ರಿಯಾಯಿತಿ ಬಿಟ್ಟು ಊರಿನ ಮೆಡಿಕಲ್ಸ್‌ನಲ್ಲೇ ತಗೊಳ್ಳಿ. ಎಲ್ಲ ಒಂದು ಲಯಕ್ಕೆ ಬಂದ ಮೇಲೆ ಆ್ಯಪ್ ಇದ್ದೇ ಇದೆ.

ದೊಡ್ಡಪ್ಪ ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ತೋಟದ ತನಕ ನಡೆದು ಬರುತ್ತಾರೆ. ಮೇಡಂ ಪಿನ್ ಹೊಡೆದುಕೊಟ್ಟ ಕವರ್ ಇನ್ನೂ ಅವರ ಗೂಡಿನಲ್ಲೇ ಇದೆ, ಎಸೆಯೋಕೆ ಬಿಡಲ್ಲವಂತೆ, ದುಡ್ಡು ಕೊಟ್ಟದ್ದು ಅಂತ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಮೇಡಂ ಹತ್ತಿರಾನೇ ತಗೊಂಡು ಹೋಗಿ ಏನು ಮಾಡಬೇಕು ಅಂತ ಕೇಳಬೇಕು. ನೀವೂ ಈ ಭಾನುವಾರ ಮನೆಗೆ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ?" ಅಂತಷ್ಟೇ ಕೇಳಿ ಇಡಬೇಡಿ. "ಯಾವ್ಯಾವ್ದು ತಗೊಂಡ್ರಿ, ಡಬ್ಬಿ ಒಂದ್ಸಲ ತೋರ್ಸಿ" ಅನ್ನಿ. ಡಬ್ಬಿಯಲ್ಲಿ ಏನು ಸಿಕ್ಕಿತು ಅಂತ ನಮಗೂ ಬರೆದು ತಿಳಿಸಿ.